ಲಿಡಿಯಕ್ಕನ ಎಡಗಡೆ

ಗುತ್ತೂರು

ಲಿಡಿಯಕ್ಕ ನಮಗೆ ಸಿಕ್ಕಿದ್ದು ಹರಿಹರದ ಹತ್ತಿರ ಹೆದ್ದಾರಿಯಲ್ಲಿ, ಮೂರು ಚಕ್ರದ ಮೇಲೆ ನಿಂತ ಕಾರಿನ ಪಕ್ಕದಲ್ಲಿ. ನಾಲ್ಕನೆಯ ಚಕ್ರ ಕಳಚಿಕೊಂಡು ಉರುಳಿ ಭತ್ತದ ಗದ್ದೆಯಲ್ಲಿ ಬಿದ್ದಿತ್ತು. ಬೆಳ್ಳಗಿನ ಗಿಡ್ಡ ಕೂದಲಿನ ಹೆಂಗಸೊಬ್ಬರು ಪ್ಯಾಂಟನ್ನು ಮೊಣಕಾಲಿಗೆ ಮಡಿಚಿ, ಕೆಸರಿಗಿಳಿದು, ಆ ಚಕ್ರವನ್ನು ತಾವೇ ಹೊತ್ತು ತರುತ್ತಿದ್ದರು. ಇಟಲಿಯವರು. ಆಟೊರಿಕ್ಷಾಕ್ಕಿಂತ ಒಂದಿಷ್ಟೇ ದೊಡ್ಡದಾದ, ಅವರ ಯೌವನ ಕಾಲದ ಕಾರನ್ನು ಹಡಗಿನಲ್ಲಿ ತರಿಸಿಕೊಂಡು ಭಾರತ ನೋಡಲು ಹೊರಟಿದ್ದರು. ಜೊತೆಯಲ್ಲಿದ್ದ ನೆಲ್ಲೊ ಎಂಬ ದಪ್ಪ ಮೀಸೆಯ ಮೆಕ್ಯಾನಿಕ್ ಗದ್ದೆಯ ಬದುವಿನ ಮೇಲೆ ಕೂತು ತಲೆಗೆ ಕೈ ಹೊತ್ತಿದ್ದರು.

ನನ್ನ ಗಂಡ ರುದ್ರೇಶ್ ಅವರಿಗೆ ಗುತ್ತೂರಿನಲ್ಲಿ ಲೇತ್ ಮಷಿನ್ನುಗಳ ವರ್ಕ್‌ಶಾಪ್ ಇದೆ. ಅಲ್ಲಿಗೆ ಕಾರನ್ನು ಎಳೆಸಿದೆವು. ಮುರಿದ ಭಾಗವನ್ನು ಹೊಸದಾಗಿ ಮಾಡಿ ಕೂರಿಸುವವರೆಗೆ ಅವರಿಬ್ಬರೂ ನಮ್ಮ ಮನೆಯಲ್ಲಿಯೇ ಉಳಿದರು. ಮೊದಮೊದಲು ನಾನು ಮೇಡಂ ಎನ್ನುತ್ತಿದ್ದೆ. ಅವರಿಗದು ಹಿಡಿಸಲಿಲ್ಲ. ಬರೀ ಹೆಸರು ಹಿಡಿದು ಕರೆ ಅಂದರು, ನನಗೆ ಬಾಯಿ ಬರಲಿಲ್ಲ. ಕೊನೆಗೆ ಲಿಡಿಯಕ್ಕ ಆದರು. ಅಕ್ಕ ಎಂದರೆ ಏನೆಂದು ಕೇಳಿ ತಿಳಿದುಕೊಂಡು, ಊರು ಬಿಡುವ ತನಕ ನೆಲ್ಲೊನಿಂದಲೂ ಹಾಗೆಯೇ ಕರೆಸಿಕೊಂಡರು.

ನನಗೂ ಕಾರಿನ ಹುಚ್ಚು ಇರುವುದು ಅವರಿಗೆ ಆಗಲೇ ಗೊತ್ತಾಯಿತು. ದಾವಣಗೆರೆಯ ಮಂಡಿಪೇಟೆಯಲ್ಲಿ ತವರಿನವರ ವಾಹನ ಬಿಡಿಭಾಗಗಳ ಅಂಗಡಿಯನ್ನು ನಾನು ನೋಡಿಕೊಳ್ಳುತ್ತೇನೆ. ಬಿಡುವಾದಾಗ ಮಣ್ಣಿನ ಮೈದಾನದ ರೇಸುಗಳಿಗೂ ಕೊಯಮತ್ತೂರಿನ ಟ್ರ್ಯಾಕಿಗೂ ಹೋಗಿ ಕಾರು ಓಡಿಸಿ ಬರುತ್ತೇನೆ. ಲೈಸೆನ್ಸೂ ಇದೆ. ಮುಂದಿನ ವರ್ಷ, ಇಟಲಿಯ ರೇಸುಗಳಲ್ಲಿ ಅವರ ಜೊತೆ ಓಡಿಸುತ್ತಿದ್ದವನು ಬೆನ್ನುನೋವಿಗೆ ರೇಸ್ ಬಿಟ್ಟಾಗ ಲಿಡಿಯಕ್ಕ ನನಗೇ ಫೋನ್ ಮಾಡಿದರು. ಹಳೇ ಕಾರುಗಳ ರೇಸು, ಒಂದು ಕಾರಿಗೆ ಇಬ್ಬರು ಚಾಲಕರು, ಅರ್ಧ ನಾನು, ಅರ್ಧ ನೀನು, ಬರುತ್ತೀಯಾ?

ಹೊರಡುವ ಮುನ್ನ ಅಂಗಡಿಯ ಎದುರಿನ ಮೆಣಸಿನಕಾಯಿ ವ್ಯಾಪಾರಿ ಕೂಗಿ ಕೇಳಿದರು: "ಏನ್ರಿ ಗಿರಿಜಕ್ಕಾ, ಕಾರ್ ಓಡ್ಸಾಕೆ ಇಟಲಿಗೆ ಹೊಂಟೀರಂತಲ್ಲ! ಇಲ್ಲೇನು ರಸ್ತೆ ಸಾಲ್ದಾಗೈತಾ?"

"ರಸ್ತೆ ಐತ್ರಿ, ನಿಮ್ಮ ಚೀಲದ ಲಾರಿ ಅಡ್ಡ ನಿಂತೈತೆ" ಅಂದೆ.

ಬೊಲೊನ್ಯಾ

ನೆಲ್ಲೊಗೆಂದು ಮಂಡಕ್ಕಿ ಒಯ್ದಿದ್ದೆ. ನಮ್ಮ ಮನೆಯಲ್ಲಿದ್ದಾಗ ಖಾರದ ಮಂಡಕ್ಕಿಗೆ ಮೆಣಸಿನಕಾಯಿ ಬಜ್ಜಿ ಕಡಿದುಕೊಂಡು ತಿನ್ನುವುದನ್ನು ಕಲಿತಿದ್ದರು. ವಿಮಾನ ನಿಲ್ದಾಣದಲ್ಲಿ ಸೂಟ್‌ಕೇಸ್ ಬಿಚ್ಚಿಸಿದ ಅಧಿಕಾರಿ ಆ ದಿಂಬಿನಂಥ ಚೀಲವನ್ನು ಒತ್ತಿ ನೋಡಿದ. ಅದು ಅವನ ಕೈಯಲ್ಲೇ ಒಡೆಯಿತು. ಮಂಡಕ್ಕಿ ಮೇಜಿನ ಮೇಲೆ, ನೆಲದ ಮೇಲೆ, ನನ್ನ ಹೆಲ್ಮೆಟ್ಟಿನೊಳಗೆ. ಅವನು ಒಂದು ಕಾಳನ್ನು ಬಾಯಿಗೆ ಹಾಕಿಕೊಂಡು ಚಪ್ಪರಿಸಿ, ಇನ್ನೊಂದು ಹಾಕಿಕೊಂಡು, ಹೋಗು ಎಂಬಂತೆ ಕೈಬೀಸಿದ.

ಹೊರಗೆ ಲಿಡಿಯಕ್ಕ ಎರಡೂ ಕೆನ್ನೆಗೆ ಮುತ್ತಿಟ್ಟರು. ಮುಖ ಯಾವ ಕಡೆಗೆ ಮೊದಲು ತಿರುಗಿಸಬೇಕೆಂದು ತಿಳಿಯದೆ ನನ್ನ ಮೂಗು ಅವರ ಮೂಗಿಗೆ ಬಡಿಯಿತು. ನಗುತ್ತಾ ಕಾರು ಹತ್ತಿದೆವು. ದಿನದ ಓಡಾಟಕ್ಕೆ ಇಟ್ಟುಕೊಂಡಿದ್ದ ಸಾಮಾನ್ಯ ಕಾರು ಅದು. ಅಲ್ಲಿ ಸ್ಟಿಯರಿಂಗ್ ಎಡಕ್ಕೆ, ಅದನ್ನು ಲಿಡಿಯಕ್ಕ ಹಿಡಿದರು. ನಾನು ಮುಂದೆ, ಅಂದರೆ ಬಲಗಡೆಗೆ, ಅಭ್ಯಾಸಬಲದಿಂದ ಕಾಲಿನಲ್ಲಿ ಇಲ್ಲದ ಬ್ರೇಕು ಹುಡುಕುತ್ತಾ ಕೂತೆ.

ಊರ ಹೊರಗೆ ದೊಡ್ಡದೊಂದು ವೃತ್ತ ಬಂತು. ಅಲ್ಲಿ ವಾಹನಗಳು ರಸ್ತೆಯ ಬಲಕ್ಕೆ ಓಡುವುದರಿಂದ ವೃತ್ತದಲ್ಲಿ ಎದುರಾಗುವ ಗಾಡಿಗಳೆಲ್ಲ ಎಡದಿಂದ ಬರುತ್ತವೆ. ಎಡದಿಂದ ಒಂದು ಲಾರಿ ಬರುತ್ತಿತ್ತು. ನನಗೆ ಕಾಣುತ್ತಿತ್ತು. ಲಿಡಿಯಕ್ಕ ನಿಧಾನಿಸಲಿಲ್ಲ, ನೇರವಾಗಿ ನುಗ್ಗಿದರು. ಲಾರಿಯ ಟೈರುಗಳು ಕಿರುಚಿದವು. ಅದರ ಮುಂಬದಿ ನಮ್ಮ ಬಾಗಿಲಿನಿಂದ ಒಂದು ತೋಳಿನಷ್ಟು ದೂರದಲ್ಲಿ ನಿಂತಿತು.

"ಕುರುಡ!" ಎಂದು ಲಿಡಿಯಕ್ಕ ಲಾರಿಯವನನ್ನು ಬೈದರು. ಈ ದೇಶದ ಸಂಚಾರದ ರೀತಿ ಗೊತ್ತಿಲ್ಲದ ನಾನು ತಪ್ಪು ಅವನದೇ ಇರಬೇಕು ಅಂದುಕೊಂಡೆ. ಹಿಂದಿನ ಸೀಟಿನಲ್ಲಿದ್ದ ನೆಲ್ಲೊ ಅವರನ್ನು ಕನ್ನಡಿಯಲ್ಲಿ ನೋಡಿದೆ. ಅವರ ಮುಖ ಸುಣ್ಣದ ಗೋಡೆಯಂತಾಗಿತ್ತು.

ಬೆಟ್ಟದ ಮೇಲಿನ ಮನೆ

ಅವರ ಊರು ಬೆಟ್ಟದ ನೆತ್ತಿಯ ಮೇಲಿತ್ತು. ಕಲ್ಲಿನ ಮನೆಗಳು, ಒಂದು ಕಾರು ಹಿಡಿಯುವಷ್ಟೇ ಅಗಲದ ಓಣಿಗಳು. ಮರುದಿನ ಕೈ ಕುದುರಲೆಂದು, ಹರಿಹರದಲ್ಲಿ ಚಕ್ರ ಕಳಚಿಕೊಂಡಿದ್ದ ಬಗೆಯದೇ ಆದ ಅವರ ಪುಟ್ಟ ರೇಸ್ ಕಾರನ್ನು ಘಾಟಿಯಲ್ಲಿ ಓಡಿಸಿದೆ. ತಿರುವಿನಲ್ಲಿ ನಮ್ಮ ಕಡೆಯವರ ಹಾಗೆ ಜೋರಾಗಿ ಹಾರ್ನ್ ಹೊಡೆದೆ. ಲಿಡಿಯಕ್ಕ ಸೀಟಿನಿಂದ ಎಗರಿಬಿದ್ದರು. "ಏನಾಯಿತು? ಯಾರಿಗೆ ತಾಗಿಸಿದೆ?" ಯಾರಿಗೂ ಇಲ್ಲ, ಬರುತ್ತಿದ್ದೇನೆ ಎಂದು ಹೇಳಿದೆ ಅಷ್ಟೇ ಅಂದೆ. ಆ ಊರಲ್ಲಿ ಹಾರ್ನ್ ಹೊಡೆದರೆ ಬೈದಂತೆ. ದ್ರಾಕ್ಷಿತೋಟದಲ್ಲಿ ಕೆಲಸ ಮಾಡುತ್ತಿದ್ದವರೆಲ್ಲ ಸೊಂಟದ ಮೇಲೆ ಕೈಯಿಟ್ಟು ನಮ್ಮನ್ನೇ ನೋಡುತ್ತಿದ್ದರು.

ಕಾರಿನ ಎಂಜಿನ್ ಹಿಂದೆ. ಬಿಸಿ ಹೊರಗೆ ಹೋಗಲೆಂದು ಮುಚ್ಚಳವನ್ನು ಸದಾ ಅರ್ಧ ತೆರೆದೇ ಕಟ್ಟಿರುತ್ತಾರೆ. ಭಾರವೆಲ್ಲ ಹಿಂದಿರುವುದರಿಂದ ತಿರುವಿನ ನಡುವೆ ಹೆದರಿ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಕಾರಿನ ಬಾಲ ಮುಂದಕ್ಕೆ ಬಂದುಬಿಡುತ್ತದೆ. ಮೂರನೇ ಗೇರು ಆಗಾಗ ತಾನಾಗಿ ಕಳಚುತ್ತದೆ. ಇಷ್ಟಾದರೂ ಒಮ್ಮೆ ಓಡಿಸಿದವರಿಗೆ ಅದನ್ನು ಬಿಡಲು ಮನಸ್ಸು ಬರುವುದಿಲ್ಲ. ಸಣ್ಣದಾಗಿದ್ದರೂ ಅದಕ್ಕೆ ತಾನು ಸಣ್ಣದು ಎಂಬುದು ಗೊತ್ತಿಲ್ಲ.

ಸಂಜೆ ಊಟಕ್ಕೆ ಕೂತಾಗ ನಾನು ಲಿಡಿಯಕ್ಕನ ಎಡಕ್ಕೆ ಕುರ್ಚಿ ಎಳೆದುಕೊಂಡೆ. ನೆಲ್ಲೊ ನನ್ನ ಭುಜ ಮುಟ್ಟಿ ಬೇರೆ ಕುರ್ಚಿ ತೋರಿಸಿದರು. ಎಡಗಡೆಯ ಜಾಗ ನೆಲ್ಲೊನದು. ನೀರಿನ ಲೋಟ, ಬ್ರೆಡ್ಡಿನ ಬುಟ್ಟಿ, ಉಪ್ಪು, ಎಲ್ಲವನ್ನೂ ಅವರು ಸದ್ದಿಲ್ಲದೆ ಲಿಡಿಯಕ್ಕನ ಬಲಕ್ಕೆ ಸರಿಸುತ್ತಿದ್ದರು. ಓಣಿಯಲ್ಲಿ ನಡೆಯುವಾಗಲೂ ಎಡಕ್ಕೇ. ನಾನು ಮೊದಲು ಇದನ್ನು ಅವರಿಬ್ಬರ ನಡುವಿನ ಸಲಿಗೆ ಎಂದುಕೊಂಡು ಒಳಗೊಳಗೇ ನಕ್ಕೆ. ಊಟ ಮುಗಿಸಿ ಏಳುವಾಗ ಲಿಡಿಯಕ್ಕನ ಎಡಭುಜ ಬಾಗಿಲ ಚೌಕಟ್ಟಿಗೆ ಬಡಿಯಿತು. ಉಜ್ಜಿಕೊಳ್ಳಲೂ ಇಲ್ಲ, ಅದು ದಿನಾ ನಡೆಯುವುದು ಎಂಬಂತೆ ಹೋದರು.

ನನ್ನ ನಗು ನಿಂತುಹೋಯಿತು. ನಮ್ಮಪ್ಪ ಹೀಗೆಯೇ ಅಂಗಡಿಯ ಷಟರಿಗೆ ಭುಜ ಬಡಿಸಿಕೊಳ್ಳುತ್ತಿದ್ದರು. ಅವರಿಗೆ ಗ್ಲಾಕೋಮಾ ಇತ್ತು. ಕಣ್ಣಿನೊಳಗೆ ಒತ್ತಡ ಹೆಚ್ಚಿ, ನೋವಿಲ್ಲದೆ, ಅಂಚಿನಿಂದ ಒಳಕ್ಕೆ ನೋಟ ಕಳೆಯುತ್ತಾ ಬರುವ ಕಾಯಿಲೆ. ಎದುರಿಗಿರುವ ಅಕ್ಷರ ಚೆನ್ನಾಗಿ ಕಾಣುತ್ತದೆ. ಪಕ್ಕದಲ್ಲಿರುವ ಮನುಷ್ಯ ಕಾಣುವುದಿಲ್ಲ. ಮಂಡಿಪೇಟೆಯ ಗದ್ದಲದಲ್ಲಿ ಪಕ್ಕದಿಂದ ಚೀಲ ಹೊತ್ತು ಬಂದ ಹಮಾಲಿಗೆ ಸ್ಕೂಟರ್ ಗುದ್ದಿಸಿ ಅವನ ಕಾಲು ಮುರಿದ ದಿನ ಅಪ್ಪ ಕೀಲಿಕೈಯನ್ನು ದೇವರ ಮುಂದೆ ಇಟ್ಟುಬಿಟ್ಟರು. ಅಲ್ಲಿಯವರೆಗೆ ಅವರಿಗೆ ಯಾರೂ ಏನೂ ಹೇಳಿರಲಿಲ್ಲ.

ಅಭ್ಯಾಸದ ದಿನ

ರೇಸಿನ ಟ್ರ್ಯಾಕು ಬಯಲಿನಲ್ಲಿತ್ತು. ಸುತ್ತ ಜೋಳದ ಹೊಲ. ಹರಿಹರದಿಂದ ನಂದಿಗುಡಿಗೆ ಹೋಗುವ ದಾರಿಯಷ್ಟೇ ಮಟ್ಟಸ. ಎಲ್ಲೆಲ್ಲೂ ನಮ್ಮದರಂಥ ಪುಟ್ಟ ಕಾರುಗಳು, ಅವುಗಳ ಅಡಿಯಿಂದ ಹೊರಚಾಚಿದ ಕಾಲುಗಳು. ಮಧ್ಯಾಹ್ನವಾಗುತ್ತಲೇ ಎಲ್ಲ ಕಾಲುಗಳೂ ಎದ್ದು ಬಂದು ಕೈ ತೊಳೆದವು. ಡೇರೆಯೊಳಗೆ ಮೇಜಿಗೆ ಬಟ್ಟೆ ಹಾಸಿ, ಎದುರಾಳಿಗಳೆಲ್ಲ ಒಟ್ಟಿಗೆ ಕೂತು ಉಂಡರು. ನಮ್ಮ ರೇಸುಗಳಲ್ಲಿ ಬಾನೆಟ್ಟಿನ ಮೇಲೆ ಚಿತ್ರಾನ್ನದ ಪೊಟ್ಟಣ ಬಿಚ್ಚಿ ನಿಂತೇ ತಿನ್ನುತ್ತೇವೆ. ಒಂದು ಕಾರಿಗೆ ನಟ್ಟು ಸಿಗದಿದ್ದಾಗ ಎದುರಾಳಿಯೇ ತನ್ನ ಪೆಟ್ಟಿಗೆಯಿಂದ ತೆಗೆದುಕೊಟ್ಟ. ಅದೊಂದು ಮಾತ್ರ ನಮ್ಮಲ್ಲಿಯ ಹಾಗೆಯೇ.

ಅಭ್ಯಾಸದ ಸುತ್ತುಗಳನ್ನು ಮೊದಲು ನಾನು ಮುಗಿಸಿದೆ. ಆಮೇಲೆ ಲಿಡಿಯಕ್ಕ ಹೊರಟರು. ನಾನು, ನೆಲ್ಲೊ ಟ್ರ್ಯಾಕಿನ ಅಂಚಿನ ಗೋಡೆಗೆ ಒರಗಿ ನಿಂತೆವು. ಅವರ ಕೈ ಬಹಳ ಚಂದ. ಬಲ ತಿರುವುಗಳಲ್ಲಿ ಕಾರು ದಾರ ಹಿಡಿದಂತೆ ಹೋಗುತ್ತಿತ್ತು. ಎಡ ತಿರುವುಗಳಲ್ಲಿ ಮಾತ್ರ ಪ್ರತಿ ಸಲವೂ ಸ್ವಲ್ಪ ಅಗಲಕ್ಕೆ, ಗೋಡೆ ತಡವುತ್ತಾ ನಡೆಯುವವರ ಹಾಗೆ.

ಆಗ ಎದುರಿನ ಎಡ ತಿರುವಿನಲ್ಲಿ ಕೆಂಪು ಕಾರೊಂದು ಗಿರಕಿ ಹೊಡೆದು ಅಡ್ಡ ನಿಂತಿತು. ಎಡಗಡೆಯ ಕಟ್ಟೆಯ ಮೇಲಿದ್ದವನು ಹಳದಿ ಬಾವುಟ ಬೀಸಿದ. ಮುಂದೆ ಅಪಾಯವಿದೆ, ನಿಧಾನಿಸಿ ಎಂದರ್ಥ. ಕಿತ್ತಳೆ ಅಂಗಿಯ ಇನ್ನೊಬ್ಬ ಕಾರನ್ನು ತಳ್ಳಲು ಟ್ರ್ಯಾಕಿಗಿಳಿದ. ಮುಂದಿದ್ದ ಕಾರುಗಳೆಲ್ಲ ನಿಧಾನಿಸಿದವು. ಲಿಡಿಯಕ್ಕನ ಎಂಜಿನ್ನಿನ ಸದ್ದು ಇಳಿಯಲಿಲ್ಲ.

"ಅಕ್ಕಾ!" ಎಂದು ಕೂಗಿದೆ. ಕೇಳುವಂತಿರಲಿಲ್ಲ. ನೆಲ್ಲೊ ನನ್ನ ಮುಂಗೈಯನ್ನು ಹಿಡಿದ ಬಿಗಿಗೆ ಬಳೆ ಒಡೆಯಿತು. ಕಾರು ಆ ಮನುಷ್ಯನ ಬೆನ್ನ ಹಿಂದೆ ಹಾದುಹೋಯಿತು. ಅವನ ಅಂಗಿ ಗಾಳಿಗೆ ಹಾರಿ ಕುತ್ತಿಗೆಗೆ ಬಂತು. ಅವನು ಹಾಗೆಯೇ ನೆಲಕ್ಕೆ ಕುಸಿದು ಕೂತ.

ತೀರ್ಪುಗಾರರು ಲಿಡಿಯಕ್ಕನನ್ನು ಕರೆಸಿ ಎಚ್ಚರಿಕೆ ಕೊಟ್ಟರು. ಬಿಸಿಲು ಕಣ್ಣಿಗೆ ಹೊಡೆಯಿತು, ಬಾವುಟ ಕಾಣಲಿಲ್ಲ ಎಂದು ಲಿಡಿಯಕ್ಕ ಹೇಳಿದರು. ತೀರ್ಪುಗಾರರು ನಂಬಿದರು. ಅಂದು ಬೆಳಗಿನಿಂದ ಮೋಡ ಸರಿದಿರಲೇ ಇಲ್ಲ.

ಡೇರೆಯಲ್ಲಿ

ರುದ್ರೇಶ್‌ಗೆ ಫೋನ್ ಮಾಡಿದೆ. ಅತ್ತ ಲೇತಿನ ಸದ್ದು ಕೇಳುತ್ತಿತ್ತು. ನಡೆದದ್ದೆಲ್ಲ ಹೇಳಿದೆ. ಅವರು ಮಷಿನ್ನು ನಿಲ್ಲಿಸಿದರು.

"ರೇಸಿನ ಆಫೀಸಿನಾಗೆ ಹೋಗಿ ಹೇಳ್ಬೇಕಂತಿದೀಯೇನು?"

"ಅದಾ ಗೊತ್ತಾಗವಲ್ದು. ಅವ್ರ ಮನಿ ಉಂಡು, ಅವ್ರ ಮ್ಯಾಲೇ ದೂರು ಹೇಳೋದು ಹೆಂಗ್ರಿ?"

"ಅಕ್ಕ ಅಂತ ಕರ್ದೀಯ. ಮೊದ್ಲು ಅಕ್ಕಗ ಎದುರಿಗೆ ಹೇಳು. ಹಿಂದಿಂದೆ ಬ್ಯಾಡ."

"ಕೇಳ್ದಿದ್ರೆ?"

"ಕೇಳ್ದಿದ್ರೆ ನೀನು ಗಾಡಿ ಹತ್ತಬ್ಯಾಡ. ಇಬ್ರಿಲ್ದೆ ಆ ಗಾಡಿ ಓಡಂಗಿಲ್ಲ ಅಂದ್ಯಲ್ಲ." ಸ್ವಲ್ಪ ತಡೆದು ಅಂದರು, "ಅಷ್ಟು ದೂರ ಹೋಗಿ ಓಡಿಸ್ದೇ ವಾಪಸ್ ಬಂದ್ರೂ ಏನಿಲ್ಲ ಬಿಡು."

ನಮ್ಮ ಕಾರಿನ ಡೇರೆಗೆ ಬಂದೆ. ಲಿಡಿಯಕ್ಕ ಮಡಚುವ ಕುರ್ಚಿಯಲ್ಲಿ ಕೂತು ಕೈಗವಸು ಒರೆಸುತ್ತಿದ್ದರು. ನೆಲ್ಲೊ ಎಂಜಿನ್ನಿನ ಮೇಲೆ ಬಾಗಿದ್ದರು. ನಾನು ಲಿಡಿಯಕ್ಕನ ಎಡಕ್ಕೆ ಹೋಗಿ ನಿಂತು ಅಂಗೈ ಎತ್ತಿ ಹಿಡಿದೆ, ಅವರ ಕಿವಿಗಿಂತ ತುಸು ಮುಂದೆ.

"ಅಕ್ಕ, ನನ್ನ ಕೈ ಕಾಣುತ್ತಿದೆಯಾ?"

"ಯಾವ ಕೈ?" ಅಂದರು, ಎದುರಿಗೇ ನೋಡುತ್ತಾ. ಅಂದ ಮೇಲೆ ಕೈಗವಸನ್ನು ಮಡಿಲಿಗಿಟ್ಟರು.

ನೆಲ್ಲೊನ ಕೈಯಲ್ಲಿದ್ದ ಸ್ಪ್ಯಾನರ್ ಅಲುಗಾಡುವುದು ನಿಂತಿತು.

ನಾನು ಹೇಳಬೇಕಾದ್ದನ್ನೆಲ್ಲ ಹೇಳಿದೆ. ಲಾರಿ, ಬಾಗಿಲು, ಬಾವುಟ, ಅಪ್ಪನ ಸ್ಕೂಟರು. ನೀವು ಓಡಿಸುವುದಾದರೆ ನಾನು ಓಡಿಸುವುದಿಲ್ಲ ಅಂದೆ. ನನ್ನ ಇಂಗ್ಲಿಷು ಸಾಲದೆ ಕೆಲವು ಮಾತು ಕನ್ನಡದಲ್ಲಿಯೇ ಬಂದವು. ಅವರಿಗೆ ಎಲ್ಲವೂ ಅರ್ಥವಾಯಿತು.

ಲಿಡಿಯಕ್ಕ ಎದ್ದು ನಿಂತರು. "ವೈದ್ಯರು ನೋಡಿದ್ದಾರೆ. ಗೋಡೆಯ ಮೇಲಿನ ಅಕ್ಷರ ಕೊನೆಯ ಸಾಲಿನವರೆಗೂ ಓದಿದ್ದೇನೆ."

"ಅಪ್ಪನೂ ಓದುತ್ತಿದ್ದರು."

"ನಾನು ಕರೆಸಿಕೊಂಡದ್ದು ಜೊತೆಗಾರ್ತಿಯನ್ನು, ಪೊಲೀಸರನ್ನಲ್ಲ. ಇದು ನನ್ನ ಕಾರು. ನೀನು ಹುಟ್ಟುವ ಮೊದಲು ಇದನ್ನು ಓಡಿಸಿದವಳು ನಾನು." ನಂತರ ನೆಲ್ಲೊ ಕಡೆ ತಿರುಗಿ ಅವರ ಭಾಷೆಯಲ್ಲಿ ಏನೋ ಕೇಳಿದರು. ನೆಲ್ಲೊ ನೆಲ ನೋಡುತ್ತಾ ಒಂದೇ ಮಾತು ಹೇಳಿದರು. ಅದಕ್ಕೆ ಅರ್ಥ ಕೇಳಬೇಕಾಗಿರಲಿಲ್ಲ. ನೆಲ್ಲೊಗೆ ಗೊತ್ತಿತ್ತು, ಗೊತ್ತಿದೆ ಎಂಬುದು ಲಿಡಿಯಕ್ಕನಿಗೆ ಇವತ್ತೇ ಗೊತ್ತಾದದ್ದು.

ಅವರ ಸಿಟ್ಟು ಮತ್ತೆ ನನ್ನ ಮೇಲೆಯೇ ಬಂತು. "ಅಪ್ಪನಿಗಿತ್ತು ಅನ್ನುತ್ತೀಯ. ಅದು ಮಕ್ಕಳಿಗೂ ಬರುವ ಕಾಯಿಲೆ, ನನಗೆ ಅಮ್ಮನಿಂದ ಬಂತು. ನೀನು ನಿನ್ನ ಕಣ್ಣನ್ನು ಯಾವಾಗ ತೋರಿಸಿಕೊಂಡೆ, ಹೇಳು?"

ನಾನು ಕನ್ನಡಕದ ನಂಬರಿಗೆಂದು ಹೋದದ್ದು ಬಿಟ್ಟರೆ ಎಂದೂ ತೋರಿಸಿಕೊಂಡವಳಲ್ಲ. ಲಿಡಿಯಕ್ಕ ಡೇರೆಯ ಪರದೆ ಸರಿಸಿ ಹೋದರು. ಹೋಗುವಾಗ ಎಡಗಡೆಯ ಕಂಬ ತಾಗಿತು. ನಾನೂ ನೆಲ್ಲೊ ಇಬ್ಬರೂ ಬೇರೆ ಕಡೆ ನೋಡಿದೆವು.

ರೇಸಿನ ದಿನ

ಬೆಳಗ್ಗೆ ಟ್ರ್ಯಾಕಿಗೆ ಹೋಗುವಾಗ ಕಾರನ್ನು ನೆಲ್ಲೊ ಓಡಿಸಿದರು. ಲಿಡಿಯಕ್ಕ ರೇಸಿನ ಉಡುಪು ತೊಟ್ಟೇ ಬಂದಿದ್ದರು. ನಾನು ಹೆಲ್ಮೆಟ್ ಹಾಕಿಕೊಳ್ಳುವುದಿಲ್ಲ, ಕಾರು ಹತ್ತುವುದಿಲ್ಲ ಎಂದು ಎಲ್ಲರ ಎದುರು ಹೇಳಬೇಕಾಗುತ್ತದೆ, ಮನೆಯಿಂದ ಹೊರಟ ಅತಿಥಿ ಬೀದಿಯಲ್ಲಿ ಮನೆಯವರ ಮಾನ ಕಳೆದಂತೆ. ಅಷ್ಟಾಗಿ ಆಮೇಲೆ ಅದೇ ಮನೆಗೆ ಚೀಲ ತರಲು ಹೋಗಬೇಕು.

ಕಾರು ನಿಂತ ಕೂಡಲೇ ಅವರು ಇಳಿದು ನೇರವಾಗಿ ತೀರ್ಪುಗಾರರ ಕೋಣೆಗೆ ಹೋದರು. ನೆಲ್ಲೊ ಜೊತೆಗೆ ಹೋಗಲು ಎದ್ದಾಗ ಕೈಯೆತ್ತಿ ತಡೆದರು. ನಾವು ಕಾರಿನ ಪಕ್ಕ ಕೂತೆವು. ನೆಲ್ಲೊ ಅಂದು ಚೆಲ್ಲಿ ಉಳಿದಿದ್ದ ಮಂಡಕ್ಕಿಯ ಚೀಲ ಬಿಚ್ಚಿ ನನ್ನ ಮುಂದೆ ಹಿಡಿದರು. ಇಬ್ಬರೂ ಒಂದೊಂದು ಮುಷ್ಟಿ ತೆಗೆದುಕೊಂಡೆವು, ಇಬ್ಬರೂ ತಿನ್ನಲಿಲ್ಲ.

ಹೊರಗೆ ಬಂದಾಗ ಲಿಡಿಯಕ್ಕ ಉಡುಪಿನ ತೋಳುಗಳನ್ನು ಸೊಂಟಕ್ಕೆ ಕಟ್ಟಿಕೊಂಡಿದ್ದರು. ನನ್ನ ಮುಂದೆ ನಿಂತು ಆಕಾಶ ನೋಡಿದರು.

"ಮಳೆ ಬರುತ್ತದೆ" ಅಂದರು. "ಪೂರ್ತಿ ನೀನೇ ಓಡಿಸಬೇಕು, ಒಪ್ಪಿಗೆ ತಂದಿದ್ದೇನೆ. ಮೂರನೇ ಗೇರನ್ನು ಮೊಣಕಾಲಿನಿಂದ ಒತ್ತಿ ಹಿಡಿ. ಸೇತುವೆಯ ಕೆಳಗೆ ನೀರು ನಿಲ್ಲುತ್ತದೆ, ಅಲ್ಲಿ ಕಾಲು ತೆಗೆದೆಯೋ ಹೋದೆ."

"ಅಕ್ಕ..."

"ಆಮೇಲೆ. ಈಗ ಹತ್ತು."

ಶುರುವಾಗಿ ಸ್ವಲ್ಪ ಹೊತ್ತಿಗೇ ಮಳೆ ಹಿಡಿಯಿತು. ಮುಂದಿನ ಕಾರುಗಳ ಚಕ್ರ ಎಬ್ಬಿಸಿದ ನೀರು ಬಿಳಿ ಗೋಡೆಯಾಗಿ ನಿಂತಿತು. ಗಾಜಿನ ಒಳಗೆ ಆವಿ, ಹೊರಗೆ ನೀರು. ಒರೆಸುವ ಕಡ್ಡಿ ನನ್ನ ಅಂಗೈಯಷ್ಟೇ ಉದ್ದ. ಒಂದು ಕೈ ಸ್ಟಿಯರಿಂಗಿಗೆ, ಮೊಣಕಾಲು ಗೇರಿಗೆ, ಇನ್ನೊಂದು ಕೈಯಲ್ಲಿ ಚಿಂದಿ ಬಟ್ಟೆ. ಸೇತುವೆಯ ಕೆಳಗೆ ಮೊದಲ ಸಲ ಹಿಂಬದಿ ಜಾರಿತು. ದೇಹವೆಲ್ಲ ಕಾಲು ತೆಗೆ ಎನ್ನುತ್ತಿತ್ತು. ತೆಗೆಯಲಿಲ್ಲ. ಕಾರು ಒಮ್ಮೆ ಅಡ್ಡಕ್ಕೆ ತಿರುಗಿ, ಯೋಚಿಸಿದಂತೆ ಮಾಡಿ, ನೇರವಾಯಿತು. ನಮ್ಮ ಕೆಂಪು ಮಣ್ಣಿನ ಮೈದಾನದಲ್ಲಿ ಕಲಿತದ್ದು ಅಲ್ಲಿ ಕೈಹಿಡಿಯಿತು.

ನಡುವೆ ಕಡ್ಡಾಯವಾಗಿ ನಿಲ್ಲಬೇಕಾದ ಹೊತ್ತಿನಲ್ಲಿ ಟ್ರ್ಯಾಕಿನಿಂದ ಒಳಗೆ ಬಂದೆ. ಲಿಡಿಯಕ್ಕ ಮಳೆಯಲ್ಲಿ ತೊಯ್ದುಕೊಂಡೇ ಗಾಜು ಒರೆಸಿದರು. ಕಿಟಕಿಯೊಳಗೆ ತಲೆ ತೂರಿಸಿ, "ನಡುಗುತ್ತಿದ್ದೀಯ" ಅಂದರು. ಹೌದು ಅಂದೆ. "ನಾನೂ" ಅಂದರು.

ಮತ್ತೆ ಹೊರಟು ಬಹಳ ಸುತ್ತಾಗಿರಲಿಲ್ಲ. ಅದೇ ಎಡ ತಿರುವು. ನೀರಿನ ಮುಸುಕಿನಲ್ಲಿ, ಕಣ್ಣಂಚಿಗೆ ಹಳದಿ ಅಲುಗಾಡಿದಂತಾಯಿತು. ಬಾವುಟವೋ, ಹೊಲದ ಬಣ್ಣವೋ ತಿಳಿಯಲಿಲ್ಲ. ತಿಳಿಯುವ ತನಕ ಕಾಯದೆ, ತಿರುವಿಗೆ ಹೊರಳುವ ಮೊದಲೇ ವೇಗ ಇಳಿಸಿದೆ. ತಿರುವು ಕಳೆದರೆ ಎದುರಿಗೆ ಮಗುಚಿಬಿದ್ದ ಕಾರು, ಅದರ ಬಾಗಿಲು ಎಳೆಯುತ್ತಿದ್ದ ಕಿತ್ತಳೆ ಅಂಗಿಯ ಇಬ್ಬರು. ನಾನು ನಡೆಯುವವರ ವೇಗದಲ್ಲಿ ಅವರನ್ನು ದಾಟಿದೆ. ಒಬ್ಬ ತಲೆಯೆತ್ತಿ ನೋಡಿದ. ಅವನ ಹುಬ್ಬಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಮಗುಚಿದ ಕಾರಿನವನಿಗೆ ತರಚು ಗಾಯ ಮಾತ್ರ ಎಂದು ಆಮೇಲೆ ತಿಳಿಯಿತು. ಉಳಿದ ಸುತ್ತುಗಳನ್ನು ಹೇಗೆ ಓಡಿಸಿದೆನೋ ನನಗೆ ನೆನಪಿಲ್ಲ.

ಗೆದ್ದವರಿಗೂ ಕೊನೆಯವರಿಗೂ ಮಧ್ಯದಲ್ಲೆಲ್ಲೋ ರೇಸು ಮುಗಿಸಿದೆ. ಲಿಡಿಯಕ್ಕ ಬಂದು, ಕೊನೆಯ ತಿರುವಿನಲ್ಲಿ ಪ್ರತಿ ಸಲವೂ ಬೇಗ ಬ್ರೇಕು ಹಾಕಿದೆ, ಅಲ್ಲಿಯೇ ಹಿಂದೆ ಬಿದ್ದೆ ಎಂದು ದಬಾಯಿಸಿದರು. ದಬಾಯಿಸುತ್ತಾ ಅತ್ತರು. ನಮ್ಮ ಕಡೆ ಅಳುವವರ ತಲೆಯನ್ನು ಎದೆಗೆ ಒತ್ತಿಕೊಳ್ಳುತ್ತೇವೆ, ಹಾಗೆಯೇ ಮಾಡಿದೆ. ಅವರ ದೇಶದಲ್ಲಿ ಅದು ಸರಿಯೋ ತಪ್ಪೋ ಗೊತ್ತಿಲ್ಲ, ಬಿಡಿಸಿಕೊಳ್ಳಲಿಲ್ಲ.

ದಾವಣಗೆರೆ

ಊರಿಗೆ ಬಂದ ಮೇಲೆ ಮಂಡಿಪೇಟೆಯವರೆಲ್ಲ ಕೇಳಿದ್ದು ಎಷ್ಟನೇ ನಂಬರು ಬಂದೆ ಎಂದು. ವಿಮಾನ ನಿಲ್ದಾಣದಲ್ಲಿ ಲಿಡಿಯಕ್ಕ ಬೀಳ್ಕೊಡುವಾಗ ಹೇಳಿದ್ದು ಒಂದೇ ಮಾತು: "ತೋರಿಸಿಕೋ." ಆ ಮಾತು ತಲೆಯಲ್ಲಿ ಕೂತಿತ್ತು. ಆದರೂ ಅಂಗಡಿ, ಮದುವೆ, ಮತ್ತೊಂದು ಎಂದು ಮುಂದೂಡಿದೆ. ಒಂದು ದಿನ ರುದ್ರೇಶ್ ಕೇಳದೆ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡೇ ಹೋದರು.

ಕತ್ತಲೆ ಕೋಣೆಯಲ್ಲಿ ಗಲ್ಲವನ್ನು ಯಂತ್ರದ ಮೇಲಿಟ್ಟು ಕೂರಿಸಿದರು. ಎದುರಿನ ಚುಕ್ಕೆಯನ್ನೇ ನೋಡುತ್ತಾ, ಅಂಚಿನಲ್ಲಿ ಎಲ್ಲಿ ಬೆಳಕು ಮಿನುಗಿದರೂ ಗುಂಡಿ ಒತ್ತಬೇಕು. ಬೆಳಕು ಬಂತೋ, ಬಂದಂತೆ ಅನ್ನಿಸಿತೋ ಎಂಬ ಅನುಮಾನದಲ್ಲಿ ಅಂಗೈ ಬೆವರಿತು. ಆ ಮಳೆಯಲ್ಲಿಯೂ ಅಷ್ಟು ಹೆದರಿರಲಿಲ್ಲ.

"ಒತ್ತಡ ಜಾಸ್ತಿ ಐತ್ರಿ" ಅಂದರು ವೈದ್ಯೆ. "ಎಡಗಣ್ಣಿನ ಅಂಚಿನಾಗೆ ಸ್ವಲ್ಪ ಹೋಗೈತೆ. ಹೋದದ್ದು ವಾಪಸ್ ಬರಲ್ಲ. ಇರೋದನ್ನ ಉಳಿಸ್ಕೊಬೋದು. ದಿನಾ ಹನಿ ಹಾಕ್ಬೇಕು, ತಪ್ಪಿಸ್ಬ್ಯಾಡ್ರಿ."

"ಕಾರ್ ಓಡಿಸ್ಬೋದೇನ್ರಿ?"

"ಈಗ ಓಡಿಸ್ರಿ. ವರ್ಷಾ ವರ್ಷಾ ಬಂದು ನನ್ನ ಕೇಳ್ರಿ."

ಲಿಡಿಯಕ್ಕನಿಗೆ ಫೋನ್ ಮಾಡಿದೆ. ಅವರೂ ಹನಿ ಹಾಕಿಕೊಳ್ಳುತ್ತಿದ್ದರು. ಕಾರು ನೆಲ್ಲೊನ ಕೈಗೆ ಹೋಗಿತ್ತು. ಪಕ್ಕದಲ್ಲಿ ಕೂತು ಬೈಯುವ ಕೆಲಸ ತಮ್ಮದು ಅಂದರು. ನನ್ನ ವಿಷಯ ಕೇಳಿ, ಹನಿ ಯಾವುದು, ದಿನಕ್ಕೆ ಎಷ್ಟು ಸಲ ಎಂದು ವಿಚಾರಿಸಿದರು. ಆಮೇಲೆ, "ಮುಂದೊಂದು ದಿನ ನಿನಗೂ, ಓಡಿಸಿದ್ದು ಸಾಕು ಎನ್ನುವವರು ಬೇಕಾಗುತ್ತಾರೆ. ಯಾರೆಂದು ಈಗಲೇ ಗೊತ್ತುಮಾಡಿಕೋ" ಅಂದರು.

ಆ ಸಂಜೆ ಮಂಚದ ಮೇಲೆ ಅಂಗಾತ ಮಲಗಿದ್ದೆ. ಲೇತಿನ ಎಣ್ಣೆ ವಾಸನೆ ಪೂರ್ತಿ ಹೋಗದ ಬೆರಳುಗಳಿಂದ ರುದ್ರೇಶ್ ನನ್ನ ರೆಪ್ಪೆ ಬಿಡಿಸಿ ಹಿಡಿದಿದ್ದರು.

"ರೀ, ಆವಾಗ ಹೇಳ್ತೀರೇನು ನನಗ?"

"ಏನಂತ?"

"ಸಾಕು ಬಿಡು ಅಂತ."

ಹನಿ ಬಿತ್ತು. ತಣ್ಣಗೆ ಕೊರೆಯಿತು. ಅವರು ಸೀಸೆಯ ಮುಚ್ಚಳ ತಿರುಗಿಸುತ್ತಾ ನಿಂತರು.

"ಹೇಳ್ತೀನಿ" ಅಂದರು. "ನೀನು ಸಿಟ್ಟು ಮಾಡ್ಕೊಂಡು ಮಾತು ಬಿಡ್ತೀಯ. ಬಿಡು, ಆದ್ರೂ ಹೇಳ್ತೀನಿ. ಈಗ ಕಣ್ಣು ಮುಚ್ಚು."